ದಿಲ್ಲಿಗೆ ಹೋಗದ ಕಡತಗಳು

(ಕಲಬುರಗಿಯಲ್ಲಿ ಪದವಿ ಕಾಲೇಜುಗಳ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಸೇರಿವೆ.)

ಹಿರಿಯರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ಗಣರಾಜ್ಯೋತ್ಸವದ ಮುನ್ನಾದಿನ, ಜನವರಿ 25ರ ಸಂಜೆ, ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬೀಳುತ್ತದೆ. ಅದರಲ್ಲಿ ನಾವೆಲ್ಲ ಮೊದಲು ಹುಡುಕುವುದು ನಮ್ಮ ಭಾಗದ ಹೆಸರನ್ನು. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರ ಹೆಸರು ಸಿಕ್ಕಿತು. 2025ರಲ್ಲಿ ಕಲಬುರಗಿಯ ಮಗಳು, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಬದುಕನ್ನೇ ಕೊಟ್ಟ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರ ಹೆಸರು ಸಿಕ್ಕಿತು. ಎರಡೂ ಸಲ ಊರು ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆದರೆ ನಾನು ಮೇಷ್ಟರ ಜಾತಿಯವನು. ಪಟ್ಟಿಯಲ್ಲಿ ನನ್ನ ಕಣ್ಣು ಹೋಗುವುದು ‘ಸಾಹಿತ್ಯ ಮತ್ತು ಶಿಕ್ಷಣ’, ‘ವಿಜ್ಞಾನ ಮತ್ತು ಎಂಜಿನಿಯರಿಂಗ್’ ಎಂಬ ವಿಭಾಗಗಳ ಕಡೆಗೆ. ಅಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಅಧ್ಯಾಪಕರ ಹೆಸರನ್ನು ಹುಡುಕುತ್ತ ಹೋದರೆ ಕಣ್ಣು ದಣಿಯುತ್ತದೆ.

ದಿಲ್ಲಿಯವರು ನಮ್ಮನ್ನು ಮರೆತಿದ್ದಾರೆ ಎನ್ನುವುದು ಇದಕ್ಕೆ ಸುಲಭದ ಉತ್ತರ. ಬೆಂಗಳೂರಿನವರು ಮರೆತಿದ್ದಾರೆ ಎನ್ನುವುದು ಇನ್ನೂ ಸುಲಭ. ನಮ್ಮ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ಕಲಮು ಪದ್ಮ ಪ್ರಶಸ್ತಿಗೂ ಅನ್ವಯಿಸಬೇಕು ಎಂದು ಸ್ನೇಹಿತರೊಬ್ಬರು ಚಹದ ಹೊತ್ತಿನಲ್ಲಿ ನಗೆಯಾಡಿದ್ದರು. ಅದು ಪೂರ್ತಿ ನಗೆಯಾಗಿರಲಿಲ್ಲ. ನಾನು ಈ ದಿನ ಆ ದಾರಿ ಹಿಡಿಯುವುದಿಲ್ಲ. ದಿಲ್ಲಿ ಮರೆಯಬೇಕಾದರೆ ಅದಕ್ಕೆ ಮೊದಲು ಯಾರಾದರೂ ತಿಳಿಸಿರಬೇಕು. ನಾವು ತಿಳಿಸಿದ್ದೇವೆಯೇ? ತಿಳಿಸಿದ್ದರೆ ಹೇಗೆ ತಿಳಿಸಿದ್ದೇವೆ? ನನ್ನ ಮಾತು ಇಷ್ಟರ ಸುತ್ತಲೇ.

ವಿದ್ವಾಂಸರನ್ನು ಗೌರವಿಸುವ ವಿಷಯದಲ್ಲಿ ಈ ನೆಲ ಯಾರಿಗೂ ಕಡಿಮೆಯದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಮೂರನೆಯ ಕೃಷ್ಣನಿಂದ ಪೊನ್ನ ‘ಉಭಯಕವಿಚಕ್ರವರ್ತಿ’ ಎನಿಸಿಕೊಂಡ. ಸಂಸ್ಕೃತ, ಕನ್ನಡ ಎರಡರಲ್ಲೂ ಬರೆಯಬಲ್ಲವನು ಎಂಬ ಮನ್ನಣೆ ಅದು. ಬಿರುದಿನಲ್ಲೇ ಅವನ ಕೆಲಸ ಏನೆಂಬುದು ಇದೆ ಎನ್ನುವುದನ್ನು ಗಮನಿಸಿ. ಮುಂದೆ ಇದೇ ಮಾತಿಗೆ ಬರುತ್ತೇನೆ.

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಗೆ ನೀವು ಹೋಗಿಲ್ಲವಾದರೆ ಮುಂದಿನ ಭಾನುವಾರವೇ ಹೋಗಿ. ಅಲ್ಲಿನ ಘಟಿಕಾಸ್ಥಾನಕ್ಕೆ, ಅಂದರೆ ಆ ಕಾಲದ ವಿದ್ಯಾಕೇಂದ್ರಕ್ಕೆ, ಸಂಬಂಧಿಸಿದ 1058ರ ಶಾಸನ, ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ್ದು, ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಯ ಅತ್ಯಂತ ದೊಡ್ಡ ಶೈಕ್ಷಣಿಕ ದಾಖಲೆ. ವೇದ ಓದುವ ವಿದ್ಯಾರ್ಥಿಗಳು, ಶಾಸ್ತ್ರ ಓದುವ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು ಎಲ್ಲರ ಜೀವನಕ್ಕೂ ಅಲ್ಲಿ ಏರ್ಪಾಡಿದೆ. ಅವರ ಜೊತೆಗೆ ಸರಸ್ವತೀ ಭಂಡಾರಿಗರು ಎಂಬವರೂ ಇದ್ದಾರೆ, ಅಂದರೆ ಗ್ರಂಥಪಾಲಕರು. ಅವರಿಗೂ ದತ್ತಿಯಿದೆ. ಓಲೆಗರಿ ಕಾಯುವವನನ್ನು ಪಾಠ ಹೇಳುವವನ ಸಾಲಿನಲ್ಲೇ ನಿಲ್ಲಿಸಿ ಹೊಲ ಕೊಟ್ಟ ಊರು ಇದು. ಈಗ ನಮ್ಮ ಕಾಲೇಜುಗಳಲ್ಲಿ ಗ್ರಂಥಪಾಲಕರು ನಿವೃತ್ತರಾದರೆ ಆ ಹುದ್ದೆಗೆ ಇನ್ನೊಬ್ಬರು ಬರುವುದೇ ಅನುಮಾನ. ಇರಲಿ, ಅದು ಬೇರೆ ಉಪನ್ಯಾಸ.

ಬೀದರಿಗೆ ಬನ್ನಿ. 1472ರಲ್ಲಿ ಅಲ್ಲಿ ಮದರಸಾ ಕಟ್ಟಿದ ಮಹಮೂದ್ ಗವಾನ್ ಸ್ವತಃ ವಿದ್ವಾಂಸ, ಪತ್ರಲೇಖನದಲ್ಲಿ ನಿಪುಣ. ಬಹಮನಿ ಸುಲ್ತಾನರು ಅವನಿಗೆ ‘ಮಲಿಕ್-ಉತ್-ತುಜ್ಜಾರ್’ ಎಂದರು, ‘ಖ್ವಾಜಾ-ಎ-ಜಹಾನ್’ ಎಂದರು. 1481ರಲ್ಲಿ ಅದೇ ದರ್ಬಾರಿನ ಆಜ್ಞೆಯಿಂದ ಅವನ ತಲೆ ಹೋಯಿತು. ಬಿರುದು ಕೊಡುವ ಕೈಯಲ್ಲಿ ಇನ್ನೇನೇನು ಇರುತ್ತದೆ ಎಂಬುದನ್ನು ಬೀದರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ನಿಜಾಮರ ಕಾಲ. ನಮ್ಮ ಅಜ್ಜಂದಿರಿಗೆ ಸರ್ಕಾರದ ಮರ್ಯಾದೆ ಎಂದರೆ ಜಂಗ್, ದೌಲಾ, ಮುಲ್ಕ್, ಉಮರಾ, ಜಾಹ್ ಎಂಬ ಮೆಟ್ಟಿಲುಗಳು. ಜಂಗ್‌ನಿಂದ ಏರಿದರೆ ದೌಲಾ, ಅಲ್ಲಿಂದ ಮುಲ್ಕ್. ಜಂಗ್ ಎಂದರೆ ಯುದ್ಧ; ಆದರೆ ಗೆದ್ದ ಯುದ್ಧ ಯಾವುದು ಎಂದು ಜಂಗ್‌ಗಳನ್ನು ಯಾರೂ ಕೇಳುತ್ತಿರಲಿಲ್ಲ. ಆಡಳಿತಗಾರ, ವೈದ್ಯ, ಶಿಕ್ಷಣತಜ್ಞ ಎಲ್ಲರಿಗೂ ಅದೇ ಮೆಟ್ಟಿಲು. ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ನವಾಬ್ ಅಲಿ ಯಾವರ್ ಜಂಗ್ ಅವರನ್ನೇ ನೋಡಿ. ನಮ್ಮ ಹಿರಿಯರಲ್ಲಿ ಅನೇಕರು ಓದಿದ ವಿಶ್ವವಿದ್ಯಾಲಯ ಅದು. ನಿಜಾಮರು ಕೊಟ್ಟ ಜಂಗ್ ಅವರ ಹೆಸರಿನ ಭಾಗವಾಗಿಯೇ ಉಳಿಯಿತು. 1959ರಲ್ಲಿ ಗಣರಾಜ್ಯ ಅವರಿಗೆ ಪದ್ಮಭೂಷಣ ಕೊಟ್ಟಿತು, ಅದು ಹೆಸರಿನ ಭಾಗವಾಗಲಿಲ್ಲ. ಆಗುವಂತೆಯೂ ಇರಲಿಲ್ಲ. ಒಬ್ಬರೇ ವ್ಯಕ್ತಿಯಲ್ಲಿ ಎರಡು ರಾಜ್ಯವ್ಯವಸ್ಥೆಗಳ ಗೌರವದ ರೀತಿ ಹೀಗೆ ಪಕ್ಕಪಕ್ಕದಲ್ಲಿ ನಿಂತಿತ್ತು.

ಯಾಕೆ ಆಗುವಂತಿರಲಿಲ್ಲ? ಸಂವಿಧಾನದ 18ನೆಯ ವಿಧಿ. ಬ್ರಿಟಿಷರ ರಾವ್ ಬಹಾದೂರ್, ಖಾನ್ ಬಹಾದೂರ್, ಸರ್ ಎಂಬ ಬಿರುದುಗಳಿಂದ ರೋಸಿಹೋಗಿದ್ದ ಸಂವಿಧಾನ ರಚನಾ ಸಭೆ, ಸರ್ಕಾರ ಯಾವ ಬಿರುದನ್ನೂ ಕೊಡಬಾರದು ಎಂದು ಬರೆಯಿತು. ಆದರೆ ಎರಡಕ್ಕೆ ವಿನಾಯಿತಿ ಕೊಟ್ಟಿತು: ಒಂದು ಸೇನೆಯದು, ಇನ್ನೊಂದು ವಿದ್ಯೆಯದು. ಇಡೀ ದೇಶದ ಊಳಿಗಮಾನ್ಯ ಬಿರುದುಗಳನ್ನೆಲ್ಲ ಗುಡಿಸಿ ಹಾಕುವಾಗ ಕ್ಯಾಪ್ಟನ್, ಕರ್ನಲ್ ಮತ್ತು ಡಾಕ್ಟರ್, ಪ್ರೊಫೆಸರ್ ಮಾತ್ರ ಉಳಿದರು. ಅಧ್ಯಾಪಕರಾದ ನಾವು ಈ ವಿನಾಯಿತಿಯ ಬಗ್ಗೆ ಎಷ್ಟು ಹೆಮ್ಮೆ ಪಡಬೇಕೋ ಅಷ್ಟೇ ನಾಚಿಕೆಯನ್ನೂ ಪಡಬೇಕು. ಆ ವಿನಾಯಿತಿಯ ಬಾಗಿಲಲ್ಲಿ ದುಡ್ಡು ಕೊಟ್ಟು ತಂದ ಗೌರವ ಡಾಕ್ಟರೇಟುಗಳು ಎಷ್ಟು ನುಸುಳಿವೆ ಎಂಬುದು ಜಗತ್ ವೃತ್ತದ ಫ್ಲೆಕ್ಸುಗಳನ್ನು ಒಂದು ವಾರ ಓದಿದರೆ ತಿಳಿಯುತ್ತದೆ.

1954ರ ಜನವರಿ 2ರಂದು ಭಾರತರತ್ನ ಮತ್ತು ಪದ್ಮವಿಭೂಷಣ ಆರಂಭವಾದವು. ಪದ್ಮವಿಭೂಷಣದಲ್ಲಿ ಮೂರು ವರ್ಗಗಳಿದ್ದವು. ಮರುವರ್ಷ ಆ ವರ್ಗಗಳಿಗೆ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂದು ಬೇರೆ ಬೇರೆ ಹೆಸರುಗಳಾದವು. 1977ರಲ್ಲಿ ಜನತಾ ಸರ್ಕಾರ ಇವನ್ನೆಲ್ಲ ನಿಲ್ಲಿಸಿತು, 1980ರಲ್ಲಿ ಮತ್ತೆ ಬಂದವು. 1992ರಲ್ಲಿ ಇದು 18ನೆಯ ವಿಧಿಗೆ ವಿರುದ್ಧ ಎಂದು ಕೇರಳ ಮತ್ತು ಮಧ್ಯಪ್ರದೇಶದ ಹೈಕೋರ್ಟುಗಳಲ್ಲಿ ಅರ್ಜಿಗಳಾದವು, ಮತ್ತೆ ಕೆಲವು ವರ್ಷ ಪ್ರಶಸ್ತಿಗಳಿಲ್ಲ. 1995ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಇವು ಬಿರುದುಗಳಲ್ಲ, ಆದ್ದರಿಂದ ಕೊಡಬಹುದು, ಆದರೆ ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳುವಂತಿಲ್ಲ, ಹಚ್ಚಿಕೊಂಡರೆ ಪ್ರಶಸ್ತಿಯನ್ನೇ ಕಳೆದುಕೊಳ್ಳಬೇಕಾದೀತು. ನಮ್ಮಲ್ಲಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರಿಗೆ ಈ ತೀರ್ಪು ಇನ್ನೂ ತಲುಪಿಲ್ಲ. ‘ಪದ್ಮಶ್ರೀ ಡಾ.’ ಎಂದು ಅಚ್ಚು ಮಾಡಿ, ಪಾಪ, ಅತಿಥಿಗಳನ್ನು ಕಾನೂನಿನ ತೊಡಕಿಗೆ ಸಿಕ್ಕಿಸುತ್ತಾರೆ. ಗೌರವ ಕೊಡುವ ಆತುರದಲ್ಲಿ ಗೌರವದ ನಿಯಮವನ್ನೇ ಮುರಿಯುವ ಈ ಪದ್ಧತಿಯನ್ನು ಕಾಲೇಜುಗಳಾದರೂ ಬಿಡಬೇಕು.

ಬ್ರಿಟನ್ನಿನಲ್ಲಿ ಈಗಲೂ ಇದು ಉಲ್ಟಾ. ವರ್ಷಕ್ಕೆ ಎರಡು ಸಲ, ಹೊಸ ವರ್ಷಕ್ಕೆ ಮತ್ತು ದೊರೆಯ ಅಧಿಕೃತ ಹುಟ್ಟುಹಬ್ಬಕ್ಕೆ, ಪಟ್ಟಿ ಬರುತ್ತದೆ. ಅದರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಸಾಲುಸಾಲಾಗಿ ಇರುತ್ತಾರೆ, ನೈಟ್ ಆದವರು ಹೆಸರಿನ ಮೊದಲು ‘ಸರ್’ ಹಚ್ಚಿಕೊಳ್ಳಬಹುದು. ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಕೆಲಸ ಮಾಡಿ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಅವರಿಗೆ 2010ರಲ್ಲಿ ಭಾರತ ಪದ್ಮವಿಭೂಷಣ ಕೊಟ್ಟಿತು, 2012ರಲ್ಲಿ ಬ್ರಿಟನ್ ನೈಟ್ ಪದವಿ ಕೊಟ್ಟಿತು. ಒಂದನ್ನು ಹೆಸರಿಗೆ ಅಂಟಿಸಬಹುದು, ಇನ್ನೊಂದನ್ನು ಅಂಟಿಸುವಂತಿಲ್ಲ. ಆದರೆ ಬ್ರಿಟಿಷ್ ಪಟ್ಟಿಯಿಂದ ನಾವು ಕಲಿಯಬಹುದಾದ ಒಂದು ಶಿಸ್ತು ಇದೆ. ಹೆಸರಿನ ಮುಂದೆ ಒಂದೇ ಸಾಲು, ಯಾವುದಕ್ಕೆ ಸಲ್ಲಿಸಿದ ಸೇವೆಗಾಗಿ ಎಂದು. ಸಸ್ಯವಿಜ್ಞಾನಕ್ಕೆ, ಭಾಷಾಶಿಕ್ಷಣಕ್ಕೆ, ಸಾರ್ವಜನಿಕ ಆರೋಗ್ಯಕ್ಕೆ ಹೀಗೆ. ನಮ್ಮ ಹಿರಿಯ ಪ್ರಾಧ್ಯಾಪಕರೊಬ್ಬರ ಹೆಸರಿನ ಮುಂದೆ ಅಂಥ ಒಂದು ಸಾಲು ಬರೆಯಿರಿ ಎಂದರೆ ನಾವು ಬರೆಯಬಲ್ಲೆವೇ?

ಪ್ರಶಸ್ತಿ ಪಡೆದ ಕೆಲವು ಅಧ್ಯಾಪಕರ ಮಟ್ಟಿಗೆ ಆ ಸಾಲನ್ನು ಬರೆದು ನೋಡೋಣ. 1958ರಲ್ಲಿ ನೂರು ತುಂಬಿದ ಧೋಂಡೋ ಕೇಶವ ಕರ್ವೆಯವರಿಗೆ ಭಾರತರತ್ನ ಬಂತು. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟರು. ಸಾಲು: ವಿಧವೆಯರ ಶಿಕ್ಷಣಕ್ಕೆ, 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾಲಯಕ್ಕೆ. 1963ರಲ್ಲಿ ಪಾಂಡುರಂಗ ವಾಮನ ಕಾಣೆಯವರಿಗೆ ಭಾರತರತ್ನ. ಅವರು ಮುಂಬೈ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ರಾಜ್ಯಸಭೆಯಲ್ಲಿದ್ದರು, ವಕೀಲರಾಗಿದ್ದರು. ಆದರೆ ಸಾಲು ಒಂದೇ: ಐದು ಸಂಪುಟಗಳ, ಆರು ಸಾವಿರಕ್ಕೂ ಹೆಚ್ಚು ಪುಟಗಳ ಧರ್ಮಶಾಸ್ತ್ರದ ಇತಿಹಾಸಕ್ಕೆ. ಕಾಣೆಯವರ ಹೆಸರು ನಮಗೆ ದೂರದ್ದಲ್ಲ. ಅವರು ಅಷ್ಟು ಶ್ರಮದಿಂದ ಓದಿ ಬರೆದ ಗ್ರಂಥಕಾರರಲ್ಲಿ ವಿಜ್ಞಾನೇಶ್ವರ ಒಬ್ಬ. ಇಲ್ಲಿಂದ ಹತ್ತಿರದ ಮರತೂರಿನವನು ಎಂದು ನಾವು ಹೇಳಿಕೊಳ್ಳುವ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ಅದೇ ವಿಜ್ಞಾನೇಶ್ವರ. ಹಿಂದೂ ಉತ್ತರಾಧಿಕಾರದ ಕಾನೂನಿನಲ್ಲಿ ಶತಮಾನಗಳ ಕಾಲ ಆ ಗ್ರಂಥ ಆಳಿದೆ. ಮರತೂರಿನ ಮೇಲೆ ಕೆಲಸ ಮಾಡಿದ್ದಕ್ಕೆ ಮುಂಬೈಯ ವಿದ್ವಾಂಸರಿಗೆ ಭಾರತರತ್ನ ಬಂತು ಎಂದು ನಾನು ಹೇಳಿದರೆ ಅತಿಶಯೋಕ್ತಿಯಾಗುತ್ತದೆ; ಪೂರ್ತಿ ಸುಳ್ಳಂತೂ ಆಗುವುದಿಲ್ಲ.

ರಾಜ್ಯಗಳ ಪುನರ್ವಿಂಗಡಣೆಯ ನಂತರ ನಮ್ಮ ಕಾಲೇಜುಗಳು ಉಸ್ಮಾನಿಯಾ ಬಿಟ್ಟು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆಗ ಅಲ್ಲಿ ಕುಲಪತಿಗಳು ಡಿ.ಸಿ. ಪಾವಟೆ. 1967ರಲ್ಲಿ ಪದ್ಮಭೂಷಣ. ಅವರ ವಿಷಯದಲ್ಲಿ ಕುರ್ಚಿಯೂ ಕೆಲಸವೂ ಒಂದೇ ಆಗಿದ್ದವು, ಏಕೆಂದರೆ ಅವರು ಕುರ್ಚಿಯಲ್ಲಿ ಕುಳಿತು ಒಂದು ವಿಶ್ವವಿದ್ಯಾಲಯವನ್ನು ಕಟ್ಟಿದರು. ನಮ್ಮ ಗುಲ್ಬರ್ಗಾ ವಿಶ್ವವಿದ್ಯಾಲಯವೂ ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ 1980ರಲ್ಲಿ ಸ್ವತಂತ್ರವಾದದ್ದು. ಕುವೆಂಪು, ಗೋಕಾಕ, ಕಂಬಾರ ಇವರೆಲ್ಲ ಕುಲಪತಿಗಳಾಗಿದ್ದವರೇ, ಪದ್ಮ ಗೌರವ ಪಡೆದವರೇ. ಅವರ ಮಾತು ಬೇರೆ. ಕುಲಪತಿಯಾಗದಿದ್ದರೂ ಆ ಗೌರವ ಅವರನ್ನು ಹುಡುಕಿಕೊಂಡು ಬರುತ್ತಿತ್ತು.

ನನಗೆ ಹೆಚ್ಚು ಪ್ರಿಯವಾದ ಉದಾಹರಣೆಗಳು ಇನ್ನೆರಡು. ಒಂದು, ಜಿ. ವೆಂಕಟಸುಬ್ಬಯ್ಯ. ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳಿದವರು, ಎಂಟು ಸಂಪುಟಗಳ ಕನ್ನಡ ನಿಘಂಟಿನ ಹಿಂದೆ ದಶಕಗಳ ಕಾಲ ನಿಂತವರು. ಪದ್ಮಶ್ರೀ ಬಂದದ್ದು 2017ರಲ್ಲಿ, ಅವರಿಗೆ ನೂರಮೂರು ವರ್ಷವಾದಾಗ. ತಡವಾಯಿತು ಎಂದು ಎಲ್ಲರೂ ಅಂದರು. ನಿಜವೇ, ಆದರೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಎಲ್ಲರ ಆಯಸ್ಸೂ ನೂರಮೂರು ಇರುವುದಿಲ್ಲ. ಪದ್ಮ ಪ್ರಶಸ್ತಿಯನ್ನು ಸಾಮಾನ್ಯವಾಗಿ ಮರಣೋತ್ತರವಾಗಿ ಕೊಡುವುದಿಲ್ಲ, ಬಹಳ ವಿಶೇಷ ಸಂದರ್ಭಗಳಲ್ಲಿ ಮಾತ್ರ. ಮೇಷ್ಟರ ಕೆಲಸ ಹಣ್ಣಾಗುವುದೇ ನಿವೃತ್ತಿಯ ಆಚೆ ಈಚೆ. ನಾಮನಿರ್ದೇಶನವನ್ನು ಮುಂದಿನ ವರ್ಷ ನೋಡೋಣ ಎನ್ನುವವರು ಇದನ್ನು ನೆನಪಿಡಬೇಕು.

ಇನ್ನೊಬ್ಬರು ಎಂ. ಮಹಾದೇವಪ್ಪ. ಭತ್ತದ ತಳಿವಿಜ್ಞಾನಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿ, ಪದ್ಮಶ್ರೀ, ಆಮೇಲೆ ಪದ್ಮಭೂಷಣ. ಅವರು ಕುಲಪತಿಯಾಗಿದ್ದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೂ ಧಾರವಾಡದ ಕೆಳಗೇ ಇತ್ತು. ಭತ್ತದ ಹೈಬ್ರಿಡ್ ತಳಿಗಳಲ್ಲದೆ ಪಾರ್ಥೇನಿಯಂ ಕಳೆಯ ವಿರುದ್ಧ ಅವರು ನಡೆಸಿದ ಹೋರಾಟವೂ ಪ್ರಸಿದ್ಧ. ಇಲ್ಲಿ ಗೌರವ ಸಂದದ್ದು ಗದ್ದೆಯಲ್ಲಿ ಕಾಣುವ ಕೆಲಸಕ್ಕೆ.

ಗದ್ದೆಯಲ್ಲಿ ಕಾಣುವ ಕೆಲಸ ನಮ್ಮಲ್ಲಿ ಇಲ್ಲವೇ? ಆಳಂದದಿಂದ ಸೇಡಂವರೆಗೆ ಯಾವ ರೈತನನ್ನಾದರೂ ಕೇಳಿ, ನೆಟೆ ರೋಗ ಎಂದರೆ ಏನೆಂದು ಹೇಳುತ್ತಾನೆ. ಹೂ ಬಿಡುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿಹೋಗುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನೀರಿನ ನಾಳಗಳನ್ನು ಮುಚ್ಚಿಬಿಡುತ್ತದೆ. ಔಷಧ ಸಿಂಪಡಿಸಿ ಉಳಿಸುವ ರೋಗ ಅಲ್ಲ. ಅದನ್ನು ತಾಳಿಕೊಳ್ಳುವ ತಳಿಯೇ ಬೇಕು. ಟಿಎಸ್-3ಆರ್ ತಳಿ ಬಂದದ್ದು ನಮ್ಮ ಊರಿನ ಸಂಶೋಧನಾ ಕೇಂದ್ರದಿಂದಲೇ. ರೈತರು ಅಂಗಡಿಯಲ್ಲಿ ತಳಿಯ ಹೆಸರು ಹೇಳಿ ಬೀಜ ಕೇಳುತ್ತಾರೆ. ಅದರ ಹಿಂದೆ ಯಾರಿದ್ದಾರೆ ಎಂಬುದು ರೈತರಿಗೆ ಬೇಡ, ಸರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಬಂದಾಗ ಭಾಷಣ ಮಾಡಿದ ನಮಗೂ ಬೇಡವಾಯಿತಲ್ಲ, ಅದು ಸರಿಯಲ್ಲ. ಒಂದು ತಳಿ ಹೊರಬರಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಸಂಕರ ಮಾಡುವವರು, ರೋಗದ ಮಣ್ಣಿನಲ್ಲಿ ಬಿತ್ತಿ ಪರೀಕ್ಷಿಸುವವರು, ರೈತರ ಹೊಲಕ್ಕೆ ಒಯ್ಯುವವರು ಬೇರೆ ಬೇರೆ. ಹೆಸರು ಒಂದಲ್ಲ, ಹಲವು. ಇದೇ ತೊಡಕು ಎನ್ನುವುದನ್ನು ಒಪ್ಪುತ್ತೇನೆ. ಅದಕ್ಕೇ ಈಗ ಕೇಂದ್ರದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ ಎಂಬ ವ್ಯಕ್ತಿಗತ ಪ್ರಶಸ್ತಿಗಳ ಜೊತೆಗೆ ತಂಡಕ್ಕೆ ಕೊಡುವ ಪ್ರಶಸ್ತಿಯೂ ಇದೆ. 2024ರಲ್ಲಿ ಮೊದಲ ಸಲ ಇವನ್ನು ಕೊಟ್ಟರು. ವಿಜ್ಞಾನ ರತ್ನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಜಿ ನಿರ್ದೇಶಕ ಜಿ. ಪದ್ಮನಾಭನ್ ಅವರಿಗೆ ಸಂದಿತು. ತೊಗರಿಯ ತಂಡದ ಕಡತ ಆ ಮೇಜಿಗೆ ಹೋಗಬೇಕು.

ಈಗ ಕಡತದ ವಿಷಯ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು; ವೈದ್ಯರು, ವಿಜ್ಞಾನಿಗಳನ್ನು ಬಿಟ್ಟರೆ ಸೇವೆಯಲ್ಲಿರುವ ಸರ್ಕಾರಿ ನೌಕರರು ಮಾತ್ರ ಅರ್ಹರಲ್ಲ. ಕುಲಪತಿಯ ಸಹಿ, ಜಿಲ್ಲಾಧಿಕಾರಿಯ ಶಿಫಾರಸು, ಶಾಸಕರ ಪತ್ರ ಯಾವುದೂ ಕಡ್ಡಾಯವಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲೇ ಎಲ್ಲವೂ ನಡೆಯುತ್ತದೆ. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2025ರ ಪ್ರಶಸ್ತಿಗಳಿಗೆ 2024ರ ಸೆಪ್ಟೆಂಬರ್ 15 ಕಡೆಯ ದಿನವಾಗಿತ್ತು. ಬಂದ ಹೆಸರುಗಳನ್ನು ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿ ನೋಡುತ್ತದೆ. ಮರಣೋತ್ತರ, ವಿದೇಶಿ, ಅನಿವಾಸಿ ಹೆಸರುಗಳನ್ನು ಬಿಟ್ಟರೆ ವರ್ಷಕ್ಕೆ 120ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹಣವಿಲ್ಲ, ರೈಲಿನಲ್ಲಿ ರಿಯಾಯಿತಿಯಿಲ್ಲ. ರಾಷ್ಟ್ರಪತಿಯ ಸಹಿಯ ಸನದು ಮತ್ತು ಪದಕ, ಅಷ್ಟೇ.

ಅರ್ಜಿಯ ಜೀವ ಇರುವುದು ಒಂದು ಬರಹದಲ್ಲಿ. ಹೆಚ್ಚೆಂದರೆ 800 ಪದಗಳಲ್ಲಿ, ನಿರೂಪಣೆಯ ರೂಪದಲ್ಲಿ, ವ್ಯಕ್ತಿಯ ಸಾಧನೆಯನ್ನು ಹೇಳಬೇಕು. ಪಟ್ಟಿಯಲ್ಲ, ನಿರೂಪಣೆ. ನಿಯಮದಲ್ಲಿ ಇನ್ನೊಂದು ಮಾತಿದೆ, ನಾನು ಅದನ್ನು ಎಲ್ಲ ವಿಭಾಗಗಳ ಗೋಡೆಗೆ ಅಂಟಿಸಬೇಕೆನ್ನುತ್ತೇನೆ: ಪ್ರಶಸ್ತಿ ಇರುವುದು ವಿಶೇಷ ಸೇವೆಗೆ, ಬರೀ ದೀರ್ಘ ಸೇವೆಗೆ ಅಲ್ಲ.

ನಮ್ಮ ಬೀಳ್ಕೊಡುಗೆ ಸಮಾರಂಭಗಳನ್ನು ನೆನಪಿಸಿಕೊಳ್ಳಿ. ‘ಮೂವತ್ತಾರು ವರ್ಷಗಳ ಸುದೀರ್ಘ ಸೇವೆ’ ಎಂಬಲ್ಲಿಂದ ಶುರು. ಆಮೇಲೆ ವಿಭಾಗದ ಮುಖ್ಯಸ್ಥರು, ಡೀನ್, ಸಿಂಡಿಕೇಟ್ ಸದಸ್ಯರು, ಪರೀಕ್ಷಾ ಮಂಡಳಿ ಅಧ್ಯಕ್ಷರು, ಪ್ರಭಾರ ಕುಲಸಚಿವರು, ಎರಡು ಸಲ ಪ್ರಭಾರ ಕುಲಪತಿ. ಶಾಲು, ಹಾರ, ಪೇಟ. ನಂತರ ಅಭಿನಂದನ ಗ್ರಂಥ. ನಮ್ಮ ವಿದ್ವತ್‌ಲೋಕದ ವಿಚಿತ್ರ ಪ್ರಕಾರ ಅದು. ನಾನೂರು ಪುಟದಲ್ಲಿ ಮುನ್ನೂರು ಪುಟ ಶಿಷ್ಯರು ಬರೆದ ನುಡಿನಮನ: ಸರಳ ಸಜ್ಜನಿಕೆಯ ಸಾಕಾರ ಮೂರ್ತಿ, ಅಜಾತಶತ್ರು, ಮಗುವಿನ ಮನಸ್ಸು. ಉಳಿದದ್ದು ಫೋಟೊಗಳು. ಅವರ ಸಂಶೋಧನೆಯಿಂದ ಹಿಂದೆ ಗೊತ್ತಿಲ್ಲದ ಯಾವುದು ಗೊತ್ತಾಯಿತು ಎಂದು ಹೇಳುವ ಒಂದೇ ಒಂದು ಲೇಖನ ಇರುವುದಿಲ್ಲ. ಇದ್ದರೆ ಅದು ಹೊರಗಿನ ಊರಿನ ಯಾರೋ ಬರೆದದ್ದು. ಈ ಗ್ರಂಥದಿಂದ 800 ಪದ ಹಿಂಡಿದರೆ ಏನು ಬರುತ್ತದೆ? ಕುರ್ಚಿಗಳು ಬರುತ್ತವೆ. ದಿಲ್ಲಿಯ ಸಮಿತಿಯ ಮುಂದೆ ಪ್ರತಿ ವರ್ಷ ಕುರ್ಚಿಗಳು ರಾಶಿ ರಾಶಿಯಾಗಿ ಬರುತ್ತವೆ. ಅವುಗಳಲ್ಲಿ ನಮ್ಮದು ಯಾವ ಮೂಲೆ?

ಹಾಗಾದರೆ ಹೇಗೆ ಬರೆಯಬೇಕು? ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಸಭೆಯಲ್ಲಿ ಯಾರನ್ನೂ ಹುಡುಕಬೇಡಿ. ಒಬ್ಬ ಶಾಸನತಜ್ಞ ಇದ್ದಾರೆ ಎಂದುಕೊಳ್ಳಿ. ನಮ್ಮ ಪದ್ಧತಿಯಲ್ಲಿ ಅವರು ‘ಖ್ಯಾತ ಶಾಸನತಜ್ಞರು, 15 ಕೃತಿಗಳ ಲೇಖಕರು, 20 ವಿದ್ಯಾರ್ಥಿಗಳಿಗೆ ಪಿಎಚ್.ಡಿ. ಮಾರ್ಗದರ್ಶಕರು’. ಇದನ್ನೇ ಹೀಗೆ ಬರೆಯಬಹುದು: ಅವರು ಶಹಾಪುರ, ಸುರಪುರ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳನ್ನು ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿದರು. ದನದ ಕೊಟ್ಟಿಗೆಯ ಗೋಡೆಯಲ್ಲಿ, ಬಾವಿಯ ಮೆಟ್ಟಿಲಲ್ಲಿ ಸಿಕ್ಕಿದ ಇಷ್ಟು ಶಾಸನಗಳನ್ನು ಓದಿ ಪ್ರಕಟಿಸಿದರು. ಅವುಗಳಲ್ಲಿ ಇಂತಿಂಥ ಶಾಸನದಿಂದ ಇಂಥ ಅರಸನ ಆಳ್ವಿಕೆಯ ವರ್ಷ ಬದಲಾಯಿತು. ಈಗ ಪಠ್ಯಪುಸ್ತಕದಲ್ಲಿ ಇರುವುದು ಅವರು ತಿದ್ದಿದ ವರ್ಷ. ಕಲ್ಲು ಉಳಿಸಲು ಊರವರನ್ನು ಒಪ್ಪಿಸಿದರು. ಇಂಥ ಊರಿನಲ್ಲಿ ಆ ಕಲ್ಲು ಈಗಲೂ ಗುಡಿಯ ಮುಂದೆ ನಿಂತಿದೆ. ನೋಡಿ, ಇದರಲ್ಲಿ ‘ಖ್ಯಾತ’ ಇಲ್ಲ. ಇರುವುದು ಅವರು ಬರುವ ಮೊದಲು ಏನಿತ್ತು, ಬಂದ ಮೇಲೆ ಏನಾಯಿತು ಎಂಬ ವ್ಯತ್ಯಾಸ. ಸನ್ನತಿ, ಕನಗನಹಳ್ಳಿಯಂಥ ಪ್ರಾಚೀನ ಬೌದ್ಧ ನೆಲೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಜಿಲ್ಲೆಯಲ್ಲಿ ಇಂಥ ಕೆಲಸ ಮಾಡಿದವರು ಇಲ್ಲ ಎಂದರೆ ನಾನು ನಂಬುವುದಿಲ್ಲ. ಬರೆದವರು ಇಲ್ಲ ಎಂದರೆ ನಂಬುತ್ತೇನೆ.

ಅಧ್ಯಾಪಕರಿಗಾಗಿಯೇ ಇರುವ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ 1958ರಿಂದ ಶಾಲಾ ಶಿಕ್ಷಕರದಾಗಿತ್ತು. 2023ರಿಂದ ಪದವಿ ಕಾಲೇಜು, ವಿಶ್ವವಿದ್ಯಾಲಯ, ಪಾಲಿಟೆಕ್ನಿಕ್ ಅಧ್ಯಾಪಕರಿಗೂ ಬಂದಿದೆ. ಸೆಪ್ಟೆಂಬರ್ 5ರಂದು ರಾಷ್ಟ್ರಪತಿಯವರಿಂದ ಪ್ರಮಾಣಪತ್ರ, ಬೆಳ್ಳಿ ಪದಕ, 50 ಸಾವಿರ ರೂಪಾಯಿ. ಅದರಲ್ಲಿ ನನಗೆ ಹಿಡಿಸಿದ ನಿಯಮ ಒಂದಿದೆ: ಕುರ್ಚಿಯಲ್ಲಿ ಕುಳಿತಿರುವ ಕುಲಪತಿ, ನಿರ್ದೇಶಕ, ಪ್ರಾಂಶುಪಾಲರು ಅರ್ಜಿ ಹಾಕುವಂತಿಲ್ಲ. ಆದರೆ ಕಾಯಂ ಅಧ್ಯಾಪಕರಿಗೆ ಮಾತ್ರ ಎಂಬ ನಿಯಮವೂ ಇದೆ. ನಮ್ಮ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಯಾದಗಿರಿಯ ಕಡೆಯ ಕಾಲೇಜುಗಳಲ್ಲಿ ಕೆಲವು ವಿಭಾಗಗಳು ಪೂರ್ತಿ ಅವರ ಮೇಲೆಯೇ ನಡೆಯುತ್ತವೆ. ಅವರಲ್ಲಿ ದೇಶದ ಅತ್ಯುತ್ತಮ ಶಿಕ್ಷಕ ಇದ್ದರೂ ಆ ಬಾಗಿಲು ಮುಚ್ಚಿದೆ. ಪದ್ಮಕ್ಕೆ ಅಂಥ ತಡೆ ಇಲ್ಲ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಇಷ್ಟೆಲ್ಲ ಕೇಳಿ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು, ವಿದ್ವಾಂಸನಿಗೆ ಸರ್ಕಾರದ ಪದಕ ಯಾಕೆ ಬೇಕು ಎಂದು. ಗೌರವದ ಪ್ರಶ್ನೆಯೇ ಇದು. ಇತಿಹಾಸಕಾರ್ತಿ ರೊಮಿಲಾ ಥಾಪರ್ 1992ರಲ್ಲಿ ಮತ್ತು 2005ರಲ್ಲಿ ಪದ್ಮಭೂಷಣವನ್ನು ನಿರಾಕರಿಸಿದರು. ವಿದ್ಯಾಸಂಸ್ಥೆಗಳಿಂದ, ತಮ್ಮ ವೃತ್ತಿಗೆ ಸಂಬಂಧಪಟ್ಟವರಿಂದ ಮಾತ್ರ ಗೌರವ ಸ್ವೀಕರಿಸುವುದು ತಮ್ಮ ನಿಲುವು ಎಂದರು. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಪಕ್ಕದ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದರು. ಈ ಮೂರೂ ನಿರಾಕರಣೆಗಳು ನನಗೆ ಪ್ರಶಸ್ತಿಗಳಷ್ಟೇ ಗೌರವದವು. ಬೇಡ ಎನ್ನುವ ಹಕ್ಕು ವಿದ್ವಾಂಸನದು, ಆದರೆ ಅದನ್ನು ಅವರ ಪರವಾಗಿ ನಾವು ಚಲಾಯಿಸುತ್ತಿದ್ದೇವೆ. ಹೆಸರನ್ನೇ ಕಳಿಸದೆ ‘ಅವರಿಗೆ ಇಂಥದ್ದೆಲ್ಲ ಬೇಡ, ಬಹಳ ಸರಳರು’ ಎನ್ನುವುದು ಸರಳತೆಯ ಹೆಸರಿನಲ್ಲಿ ನಮ್ಮ ಸೋಮಾರಿತನ.

ಪ್ರಶಸ್ತಿಗಳಲ್ಲಿ ರಾಜಕೀಯ ಇಲ್ಲವೇ? ಇದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಪಟ್ಟಿಯಲ್ಲಿ ಕೆಲವು ಹೆಸರು ಯಾಕಿವೆ ಎಂದು ನಾವೆಲ್ಲ ಊಹಿಸಬಲ್ಲೆವು. ಹಾಗೆಂದು ಕೈಕಟ್ಟಿ ಕುಳಿತರೆ ರಾಜಕೀಯದ ಹೆಸರುಗಳಿಗೆ ಪೈಪೋಟಿಯೇ ಇರುವುದಿಲ್ಲ.

ಇನ್ನು ಸಭಿಕರ ಪ್ರಶ್ನೆಗಳು. ನಿವೃತ್ತ ಪ್ರಾಂಶುಪಾಲರೊಬ್ಬರು, ತನ್ನ ಹೆಸರನ್ನು ತಾನೇ ಕಳಿಸಬಹುದೇ ಎಂದು ಕೇಳಿದರು. ಕಳಿಸಬಹುದು, ನಿಯಮ ಒಪ್ಪುತ್ತದೆ. ಆದರೆ, ಸರ್, ಮೂವತ್ತು ವರ್ಷ ಪಾಠ ಹೇಳಿದ ಮೇಲೂ 800 ಪದ ಬರೆಯಲು ಒಬ್ಬ ಶಿಷ್ಯನೂ ಸಿಗಲಿಲ್ಲವಾದರೆ ಅದನ್ನು ಸಮಿತಿ ಗಮನಿಸದೆ ಇರಬಹುದು, ನಾವು ಗಮನಿಸಬೇಕು. ಸಭೆ ನಕ್ಕಿತು, ಅವರೂ ನಕ್ಕರು.

ಎರಡನೆಯ ಪ್ರಶ್ನೆ ಬೀದರಿನಿಂದ ಬಂದಿದ್ದ ಸಂಶೋಧನಾ ವಿದ್ಯಾರ್ಥಿನಿಯದು. ತನ್ನ ಮಾರ್ಗದರ್ಶಕರ ಬಗ್ಗೆ ಬರೆಯಲು ತಾನು ಬಹಳ ಚಿಕ್ಕವಳಲ್ಲವೇ, ಹಿರಿಯರು ಬರೆದರೆ ತೂಕವಲ್ಲವೇ ಎಂದಳು. ತಂಗೀ, ಹಿರಿಯರಿಗೆ ಅವರ ಹುದ್ದೆಗಳು ಗೊತ್ತು. ಅವರು ಕ್ಷೇತ್ರಕಾರ್ಯದಲ್ಲಿ ಏನು ಮಾಡಿದರು, ಯಾವ ಪ್ರಕಟಣೆಗೆ ಎಷ್ಟು ವರ್ಷ ಕಾದರು ಎಂಬುದು ನಿನಗೆ ಗೊತ್ತು. ಅವರ ಲೇಖನಗಳನ್ನು ಈ ತಿಂಗಳೇ ಒಂದು ಕಡೆ ಸೇರಿಸು. ಯಾವ ಲೇಖನವನ್ನು ಬೇರೆಯವರು ಎಲ್ಲಿ ಬಳಸಿಕೊಂಡಿದ್ದಾರೆ ಎಂದು ಗುರುತು ಹಾಕು. ಹಳ್ಳಿಯವರ ಹೇಳಿಕೆ ಇದ್ದರೆ ಊರಿನ ಹೆಸರು, ಕಾಲ ಬರೆದಿಟ್ಟುಕೋ. ಮಾರ್ಗದರ್ಶಕರಿಗೆ ತೋರಿಸಬೇಡ, ಅವರು ಅರ್ಧ ಹೊಡೆದುಹಾಕುತ್ತಾರೆ. ಮೊದಲ ಕರಡು ಸಾವಿರದೈನೂರು ಪದ ಆಗುತ್ತದೆ, ಆಗಲಿ. ಅದರಲ್ಲಿ ಮೊದಲು ತೆಗೆಯಬೇಕಾದದ್ದು ಅವರು ಅಲಂಕರಿಸಿದ ಹುದ್ದೆಗಳ ಪ್ಯಾರಾವನ್ನು.